ಮಾಂಡವ್ಯನ ಮೌನ

ಮರ್ಯಾದಸ್ಥರ ಮನೆಯೊಂದಕ್ಕೆ ಸಂಜೆಯ ಹೊತ್ತಿನಲ್ಲಿ ಪೋಲೀಸಿನವನೊಬ್ಬನು ಬಂದು, “ಸಾಹೇಬರು ಎರಡು ಮಾತು ಕೇಳಬೇಕಂತೆ, ಠಾಣೆಯವರೆಗೆ ಬಂದು ಹೋಗಬೇಕು” ಎಂದು ಮನೆಯ ಮಗನನ್ನು ಕರೆದನೆಂದು ಇಟ್ಟುಕೊಳ್ಳಬಹುದು. ಹುಡುಗನು ಲೆಕ್ಕ ಬರೆಯುವ ಮಂಡಿಯಲ್ಲಿ ಹಣ ಕಡಮೆ ಬಿದ್ದಿದೆ. ಪೆಟ್ಟಿಗೆಯ ಬೀಗದ ಕೈ ಮೂವರ ವಶದಲ್ಲಿ ಇರುತ್ತಿತ್ತು. ಆ ಮೂವರಲ್ಲಿ ಇವನೂ ಒಬ್ಬನು. ಒಳಗಿನಿಂದ ಅಜ್ಜಿಯು, “ತಪ್ಪು ಮಾಡದವನಿಗೆ ಹೆದರಿಕೆ ಏತಕ್ಕೆ ಮಗು? ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಾ” ಎನ್ನುತ್ತಾಳೆ. ಪಟ್ಟಣದಲ್ಲಿ ಕಾನೂನು ಓದುತ್ತಿರುವ ಸೋದರಮಾವನ ಮಗನು, “ವಕೀಲರು ಬರುವ ತನಕ ಬಾಯಿ ಬಿಡಬೇಡ” ಎನ್ನುತ್ತಾನೆ. ತಂದೆಯು ಈ ಎರಡು ಮಾತುಗಳ ನಡುವೆ ನಿಂತು, ಏನನ್ನೂ ಹೇಳಲಾರದೆ, ಅಂಗವಸ್ತ್ರವನ್ನು ಹುಡುಕಲು ಒಳಕ್ಕೆ ಹೋಗುತ್ತಾನೆ.

ಅಜ್ಜಿಯದು ಧರ್ಮದ ಮಾತು, ಹುಡುಗನದು ಯುಕ್ತಿಯ ಮಾತು ಎಂದು ಸಾಮಾನ್ಯವಾಗಿ ಎಲ್ಲರೂ ಎಣಿಸುವರು. ಯುಕ್ತಿಯು ಉಪಯುಕ್ತವಾಗಿರಬಹುದು, ಆದರೆ ಗೌರವಸ್ಥರಿಗೆ ಒಪ್ಪುವುದು ಧರ್ಮವೇ ಎಂಬ ಭಾವನೆಯೂ ಅದರ ಜೊತೆಯಲ್ಲಿ ಇರುತ್ತದೆ. ಈ ವಿಂಗಡಣೆಯು ಸರಿಯೇ ಎಂಬುದು ವಿಚಾರಯೋಗ್ಯವಾದ ವಿಷಯ. ಏಕೆಂದರೆ ಇದರ ಮೇಲೆ ಒಬ್ಬನ ಸ್ವಾತಂತ್ರ್ಯವು, ಕೆಲವು ವೇಳೆ ಪ್ರಾಣವೂ, ನಿಂತಿರುತ್ತದೆ.

ಅಜ್ಜಿಯ ಪಕ್ಷಕ್ಕೆ ಬಲವು ಬೇಕಾದಷ್ಟುಂಟು. ಗುರುಕುಲವನ್ನು ಬಿಟ್ಟು ಹೊರಡುವ ಶಿಷ್ಯನಿಗೆ ಉಪನಿಷತ್ತು ಹೇಳುವ ಮೊದಲನೆಯ ಬುದ್ಧಿವಾದವೇ ಸತ್ಯವನ್ನು ಕುರಿತದ್ದು. ರಾಘವಾಂಕನ ಕಾವ್ಯದಿಂದ ಕನ್ನಡಿಗರ ಮನೆಮನೆಯನ್ನೂ ಹೊಕ್ಕ ಹರಿಶ್ಚಂದ್ರನು ಹೆಂಡತಿ ಮಕ್ಕಳನ್ನು ಮಾರಿದನೇ ಹೊರತು ಮಾತನ್ನು ಬಿಡಲಿಲ್ಲ. ಬಾಯಿ ಮುಚ್ಚಿಕೊಂಡವನನ್ನು ಲೋಕವೂ ನಂಬುವುದಿಲ್ಲ. ಮೌನವು ಸಮ್ಮತಿಯ ಲಕ್ಷಣವೆಂಬ ಮಾತು ಹೆಂಗಸರು ಮಕ್ಕಳ ಬಾಯಲ್ಲಿಯೂ ಇದೆ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಈ ಗಾದೆಯನ್ನು ಸ್ವಲ್ಪ ನಿಂತು ಯೋಚಿಸಿದರೆ ಬೇರೆಯದೂ ಹೊಳೆಯುತ್ತದೆ. ನಾಲ್ಕು ಜನರ ಎದುರಿಗೆ ಕಳ್ಳನೆಂಬ ಶಬ್ದವನ್ನು ಕೇಳಿದೊಡನೆ ಮೊದಲು ಹೆಗಲು ಮುಟ್ಟಿಕೊಳ್ಳುವವನು ಮಾನಕ್ಕೆ ಅಂಜುವ ಸಾಧುವೇ. ಪಳಗಿದ ಕಳ್ಳನು ಕೈಯನ್ನು ಅಲ್ಲಾಡಿಸುವುದೇ ಇಲ್ಲ. ಸ್ವರ, ಮುಖದ ಬಣ್ಣ, ಕಣ್ಣು, ಚೇಷ್ಟೆ ಇವುಗಳಿಂದ ಒಳಗಿನ ಭಾವವನ್ನು ತಿಳಿಯಬೇಕೆಂದು ಮನುಸ್ಮೃತಿಯು ಎಂಟನೆಯ ಅಧ್ಯಾಯದಲ್ಲಿ ನ್ಯಾಯಾಧಿಪತಿಗೆ ಹೇಳುತ್ತದೆ, ನಿಜ. ಆದರೆ ಹೆದರಿದವನ ಬೆವರಿಗೂ ಅಪರಾಧಿಯ ಬೆವರಿಗೂ ಬಣ್ಣ ಬೇರೆಯಿಲ್ಲವೆಂಬುದನ್ನು ನೆನೆಯದೆ ಆ ಮಾತನ್ನು ಉಪಯೋಗಿಸುವವನ ಕೈಯಲ್ಲಿ ಅದು ಅಪಾಯಕರವಾದ ಆಯುಧ.

ಶಂಕೆಗೆ ಗುರಿಯಾದವನು ಮಾತನಾಡದೆ ಇದ್ದರೆ ಏನಾಗುವುದೆಂಬುದಕ್ಕೆ ಮಹಾಭಾರತದ ಆದಿಪರ್ವದಲ್ಲಿಯೇ ಒಂದು ಕಥೆಯಿದೆ. ಮಾಂಡವ್ಯನೆಂಬ ಋಷಿಯು ತನ್ನ ಆಶ್ರಮದ ಬಾಗಿಲಲ್ಲಿ, ಮರದ ಕೆಳಗೆ, ತೋಳುಗಳನ್ನೆತ್ತಿ ಮೌನವ್ರತದಿಂದ ತಪಸ್ಸು ಮಾಡುತ್ತಿದ್ದನು. ಕದ್ದ ಒಡವೆಗಳನ್ನು ಹೊತ್ತ ಕಳ್ಳರು, ರಾಜಭಟರು ಬೆನ್ನಟ್ಟಿ ಬರಲು, ಆ ಆಶ್ರಮವನ್ನು ಹೊಕ್ಕು ಮಾಲನ್ನೂ ಅಡಗಿಸಿ ತಾವೂ ಅಡಗಿದರು. ಭಟರು ಬಂದು ಋಷಿಯನ್ನು ಕಂಡು, ಕಳ್ಳರು ಯಾವ ದಾರಿಯಾಗಿ ಹೋದರೆಂದು ಕೇಳಿದರು. ಋಷಿಯು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಭಟರು ಆಶ್ರಮವನ್ನು ಶೋಧಿಸಿದರು. ಕಳ್ಳರೂ ಸಿಕ್ಕಿದರು, ಮಾಲೂ ಸಿಕ್ಕಿತು. ಒಡನೆಯೇ ಋಷಿಯ ಮೇಲೆ ಸಂಶಯವು ಬಿತ್ತು. ಕಳ್ಳರೊಡನೆ ಅವನನ್ನೂ ಕಟ್ಟಿ ಒಯ್ದು ಅರಸನಿಗೆ ಅರಿಕೆ ಮಾಡಿದರು. ಅರಸನು ವಿಚಾರಿಸದೆ ವಧೆಯನ್ನು ವಿಧಿಸಿದನು. ಋಷಿಯನ್ನು ಶೂಲಕ್ಕೆ ಏರಿಸಿದರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಅದರ ಮುಂದಿನ ಭಾಗಕ್ಕೆ ಬೇಗನೆ ಹೋಗಿಬಿಡುವರು: ಬಾಲ್ಯದಲ್ಲಿ ಹುಲ್ಲುಕಡ್ಡಿಯಿಂದ ಕೀಟಗಳನ್ನು ಚುಚ್ಚಿದ್ದಕ್ಕೆ ಈ ಶಿಕ್ಷೆಯೆಂದು ಯಮಧರ್ಮನು ಹೇಳಿದುದು, ಅದಕ್ಕೆ ಋಷಿಯು ಯಮನನ್ನೇ ಶಪಿಸಿದುದು, ಆ ಶಾಪದಿಂದ ವಿದುರನು ಹುಟ್ಟಿದುದು. ಆದರೆ ಪ್ರಕೃತ ವಿಷಯಕ್ಕೆ ಬೇಕಾದುದು ಮೊದಲ ಭಾಗ. ಭಟರು ಬಂದಾಗ ಮಾಂಡವ್ಯನನ್ನು ಕೇಳಿದ್ದು ಸಾಕ್ಷಿಯನ್ನು ಕೇಳುವಂತೆ. ‘ಅವರು ಎತ್ತ ಹೋದರು’ ಎಂಬುದು ನಿರಪರಾಧಿಗೆ ಹಾಕುವ ಪ್ರಶ್ನೆ. ಮಾಲು ಸಿಕ್ಕಿದ ಕ್ಷಣದಲ್ಲಿ ಅವನು ಸಾಕ್ಷಿಯಾಗಿದ್ದವನು ಕಳ್ಳನಾದನು. ಆ ಗೆರೆಯನ್ನು ಅವನು ದಾಟಲಿಲ್ಲ. ಗೆರೆಯೇ ಅವನನ್ನು ದಾಟಿ ಹೋಯಿತು. ದಾಟಿತೆಂದು ಅವನಿಗೆ ಯಾರೂ ಹೇಳಲೂ ಇಲ್ಲ. ಮಂಡಿಯ ಹುಡುಗನಿಗೆ ಬಂದ ಕರೆಯೂ ಇಂಥದೇ. ‘ಎರಡು ಮಾತು’ ಯಾವ ಮಾತಿನಲ್ಲಿ ಸಾಕ್ಷ್ಯವಾಗಿ ಆರಂಭವಾಗಿ ಯಾವ ಮಾತಿನಲ್ಲಿ ಆಪಾದನೆಯಾಗಿ ಮುಗಿಯುವುದೆಂದು ಅವನಿಗೂ ತಿಳಿಯದು, ಕರೆದವನಿಗೂ ತಿಳಿಯದು.

ಹಾಗಾದರೆ ಮಾಂಡವ್ಯನು ಬಾಯಿಬಿಟ್ಟಿದ್ದರೆ ಬದುಕುತ್ತಿದ್ದನಷ್ಟೆ, ಅಜ್ಜಿಯ ಮಾತೇ ಗೆದ್ದಿತು ಎಂದು ಹೇಳಬಹುದು. ಇಲ್ಲಿಯೇ ಒಂದು ಆಶ್ಚರ್ಯವಿದೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಓಲೆಗರಿಗಳ ನಡುವೆ ಕಂಡು, ೧೯೦೯ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಮಾಂಡವ್ಯನ ಹೆಸರು ಬರುತ್ತದೆ. ಕಳ್ಳರನ್ನು ಮಾತಿನಿಂದಲೂ ಹಿಂಸೆಯಿಂದಲೂ ವಿಚಾರಿಸುವ ಕ್ರಮವನ್ನು ಹೇಳುವ ನಾಲ್ಕನೆಯ ಅಧಿಕರಣದ ಎಂಟನೆಯ ಅಧ್ಯಾಯ ಅದು. ಆ ಮಾಂಡವ್ಯನು ಮೌನಿಯಲ್ಲ. ಚಿತ್ರಹಿಂಸೆಯ ನೋವಿಗೆ ಹೆದರಿ, ಕಳ್ಳನಲ್ಲದಿದ್ದರೂ ತಾನು ಕಳ್ಳನೆಂದು ಒಪ್ಪಿಕೊಂಡವನು! ಕಳ್ಳರ ದಾರಿಯಲ್ಲಿ ಆಕಸ್ಮಿಕವಾಗಿ ಸಿಕ್ಕಿದವನು, ಕಳ್ಳನಂತೆಯೇ ಉಡುಪೋ ಆಯುಧವೋ ಇದ್ದವನು, ಕದ್ದ ಮಾಲಿನ ಹತ್ತಿರ ನಿಂತಿದ್ದವನು, ಇಂಥವರೂ ಹಿಡಿಯಲ್ಪಡುವುದುಂಟೆಂದು ಹೇಳಿ, ಅದಕ್ಕೆ ಮಾಂಡವ್ಯನನ್ನು ನಿದರ್ಶನ ಕೊಟ್ಟು, ಆದಕಾರಣ ಪೂರ್ಣವಾದ ಪ್ರಮಾಣವು ದೊರೆತ ಮೇಲೆಯೇ ತೀರ್ಮಾನಿಸಬೇಕೆಂದು ಕೌಟಿಲ್ಯನು ವಿಧಿಸುತ್ತಾನೆ. ಅವನು ಮೃದುಹೃದಯನೇನೂ ಅಲ್ಲ. ಅದೇ ಅಧ್ಯಾಯದಲ್ಲಿ ಹೊಡೆತಗಳ ಬಗೆಗಳನ್ನು ಲೆಕ್ಕಹಾಕಿ ಕೊಟ್ಟಿದ್ದಾನೆ. ಹಾಗೆ ಕೊಟ್ಟವನಿಗೇ ಈ ಸಂದೇಹವು ಹುಟ್ಟಿತೆಂಬುದು ಗಮನಾರ್ಹ.

ಒಂದು ಗ್ರಂಥದ ಮಾಂಡವ್ಯನು ಸುಮ್ಮನಿದ್ದು ಶೂಲಕ್ಕೆ ಹೋದನು. ಇನ್ನೊಂದರ ಮಾಂಡವ್ಯನು ಮಾತನಾಡಿ ಕೆಟ್ಟನು. ಈ ಎರಡು ಪಾಠಗಳಲ್ಲಿ ಯಾವುದು ಪ್ರಾಚೀನವೆಂಬುದನ್ನು ವಿದ್ವಾಂಸರು ಚರ್ಚಿಸಲಿ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದವನಿಗೆ ತಿಳಿಯುವುದಿಷ್ಟು: ಕೇಳುವವನು ಮೊದಲೇ ತೀರ್ಮಾನಕ್ಕೆ ಬಂದಿದ್ದರೆ, ಉತ್ತರವೂ ಕೊಲ್ಲುತ್ತದೆ, ನಿರುತ್ತರವೂ ಕೊಲ್ಲುತ್ತದೆ. ಆದ್ದರಿಂದ ‘ಮಾತನಾಡಬೇಕೇ’ ಎಂಬ ಪ್ರಶ್ನೆಗೆ ಮುಂಚೆ ‘ಯಾರ ಎದುರಿಗೆ’ ಎಂಬ ಪ್ರಶ್ನೆಯು ಬರುತ್ತದೆ.

ನಿಜವನ್ನೇ ಹೇಳಿದವನ ಗತಿಯನ್ನು ನೋಡಬೇಕಾದರೆ ಶಾಕುಂತಲದ ಆರನೆಯ ಅಂಕದ ಆರಂಭವನ್ನು ನೆನೆಯಬಹುದು. ಅರಸನ ಮುದ್ರೆಯುಂಗುರವನ್ನು ಮಾರಲು ತಂದ ಬೆಸ್ತನನ್ನು ಕಾವಲುಗಾರರು ಹಿಂಗಟ್ಟು ಕಟ್ಟಿ ತರುತ್ತಾರೆ. ಮೀನಿನ ಹೊಟ್ಟೆಯಲ್ಲಿ ಸಿಕ್ಕಿತೆಂದು ಅವನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಅವನ ಒಂದೊಂದು ಮಾತಿಗೂ ಹಾಸ್ಯ, ಏಟು. ಅವನನ್ನು ಕೊಲ್ಲುವ ಅಪ್ಪಣೆ ಬರಲೆಂದು ಅವರ ಕೈ ತುರಿಸುತ್ತಿದೆ. ಅವನು ಬದುಕಿದ್ದು ನಿಜ ಹೇಳಿದ್ದರಿಂದ ಅಲ್ಲ. ಆ ಉಂಗುರವನ್ನು ಕಂಡ ದುಷ್ಯಂತನಿಗೆ ತನ್ನದೇ ಆದ ಬೇರೊಂದು ನೆನಪು ಬಂದುದರಿಂದ. ಕೊನೆಗೆ ಬಹುಮಾನದಲ್ಲಿ ಅರ್ಧವನ್ನು ಅದೇ ಕಾವಲುಗಾರರಿಗೆ ಕೊಟ್ಟು, ಅವರೊಡನೆ ಹೆಂಡದಂಗಡಿಗೆ ಹೋಗುವಾಗ ಪ್ರೇಕ್ಷಕರು ನಗುತ್ತಾರೆ. ಕಾಳಿದಾಸನು ನಗಿಸುತ್ತಾ ಹೇಳಿದ್ದನ್ನು ನಗುತ್ತಾ ಮರೆಯುವುದು ವಾಡಿಕೆ.

ವಿದ್ಯಾವಂತರ ಮನೆಗಳಿಗೆ ಇನ್ನೂ ಹತ್ತಿರವಾದವನು ಮೃಚ್ಛಕಟಿಕದ ಚಾರುದತ್ತ. ಒಂಬತ್ತನೆಯ ಅಂಕದಲ್ಲಿ ವಸಂತಸೇನೆಯನ್ನು ಕೊಂದನೆಂಬ ಆರೋಪವನ್ನು ಹೊತ್ತು ಅವನು ನ್ಯಾಯಸ್ಥಾನದಲ್ಲಿ ನಿಲ್ಲುತ್ತಾನೆ. ನಿರಪರಾಧಿ, ಊರಿಗೆಲ್ಲ ಪೂಜ್ಯ, ನ್ಯಾಯಾಧಿಪತಿಗೂ ಅವನಲ್ಲಿ ಗೌರವ. ಆದರೆ ಗಣಿಕೆಯು ತನ್ನ ಗೆಳತಿಯೆಂದು ಸಭೆಯಲ್ಲಿ ಹೇಳಲು ನಾಚಿಕೆ. ಮೊದಲನೆಯ ಪ್ರಶ್ನೆಗೆ ಹಿಂಜರಿಯುತ್ತಾನೆ. ಎರಡನೆಯದಕ್ಕೆ ಅರ್ಧ ಹೇಳುತ್ತಾನೆ. ಅವಳು ಮನೆಗೆ ಹೋದಳೆಂಬ ಮಾತನ್ನು ಸರಿಯಾಗಿ ಬಲ್ಲದೆ ಆಡುತ್ತಾನೆ. ಅಷ್ಟರಲ್ಲಿ ಮೈತ್ರೇಯನ ಕಂಕುಳಿನಿಂದ ಅವಳ ಒಡವೆಗಳು ಸಭೆಯ ನಡುವೆ ಬೀಳುತ್ತವೆ. ಅಲ್ಲಿಂದ ಮುಂದೆ ಅವನು ಏನು ಹೇಳಿದರೂ ಮೊದಲು ಹೇಳಿದ್ದಕ್ಕೆ ವಿರೋಧವಾಗುತ್ತದೆ. ಅವನನ್ನು ವಧಸ್ಥಾನಕ್ಕೆ ಒಯ್ದದ್ದು ಮೌನವೂ ಅಲ್ಲ, ಪೂರ್ಣಸತ್ಯವೂ ಅಲ್ಲ. ಮಾನಕ್ಕಾಗಿ ಆಡಿದ ಅರೆಮಾತು. ಮರ್ಯಾದಸ್ಥರು ಠಾಣೆಯಲ್ಲಿ ಕೆಡುವುದು ಬಹುಮಟ್ಟಿಗೆ ಇದೇ ರೀತಿಯಲ್ಲಿ. ಮಂಡಿಯ ಹುಡುಗನು ಆ ಸಂಜೆ ಸ್ನೇಹಿತರೊಡನೆ ಇಸ್ಪೀಟಿಗೆ ಕುಳಿತಿದ್ದನೆಂದು ಭಾವಿಸಿದರೆ, ತಂದೆಗೆ ತಿಳಿದೀತೆಂಬ ಅಂಜಿಕೆಯಿಂದ “ಆರು ಗಂಟೆಗೇ ಮನೆಗೆ ಬಂದೆ” ಎಂದುಬಿಡುತ್ತಾನೆ. ಎಂಟು ಗಂಟೆಗೆ ಬಂದುದನ್ನು ನೆರೆಮನೆಯವರು ಕಂಡಿದ್ದಾರೆ. ಇಸ್ಪೀಟಿನ ನಾಚಿಕೆಯು ಕಳ್ಳತನದ ಗುರುತಾಗಿ ಕಾಗದದ ಮೇಲೆ ಕುಳಿತುಕೊಳ್ಳುತ್ತದೆ. ಸುಳ್ಳನ್ನೇ ಆಡದವನಿಗೂ ನೆನಪು ತಪ್ಪುವುದುಂಟು. ಸಂಶಯಪಡುವವನ ಕಿವಿಗೆ ತಪ್ಪಿದ ನೆನಪಿಗೂ ಹೇಳಿದ ಸುಳ್ಳಿಗೂ ಭೇದವಿಲ್ಲ.

ಶಾಸ್ತ್ರವು ಈ ಸ್ಥಳಭೇದವನ್ನು ಅರಿಯದುದೇನಲ್ಲ. ಸಭೆಯನ್ನು ಪ್ರವೇಶಿಸಿದ ಮೇಲೆ ನ್ಯಾಯವಾದುದನ್ನೇ ಹೇಳಬೇಕು, ಅಲ್ಲಿ ಸುಮ್ಮನಿದ್ದವನೂ ವಿಪರೀತ ಹೇಳಿದವನೂ ಪಾಪಿಗಳೆಂದು ಮನುವು ಎಂಟನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಅವನೇ ಎರಡನೆಯ ಅಧ್ಯಾಯದಲ್ಲಿ, ಕೇಳದವನಿಗೆ ಹೇಳಬಾರದು, ಅನ್ಯಾಯದಿಂದ ಕೇಳುವವನಿಗೂ ಹೇಳಬಾರದು, ಬಲ್ಲವನಾದರೂ ಜಡನಂತೆ ಇರಬೇಕೆಂದು ಹೇಳುತ್ತಾನೆ. ಈ ಎರಡನೆಯ ಮಾತು ವಿದ್ಯಾದಾನದ ಪ್ರಸಂಗದಲ್ಲಿ ಬಂದಿದೆಯೆಂದು ಆಕ್ಷೇಪಿಸಬಹುದು, ಆಕ್ಷೇಪವು ಸರಿಯಾದದ್ದೇ. ಆದರೂ ಕೇಳುವ ರೀತಿಯು ಹೇಳುವ ಕರ್ತವ್ಯವನ್ನು ಬದಲಿಸುತ್ತದೆಂಬ ತತ್ತ್ವವು ಆ ಪ್ರಸಂಗಕ್ಕೆ ಮಾತ್ರ ಕಟ್ಟುಬಿದ್ದುದಲ್ಲ. ಕರ್ಣಪರ್ವದಲ್ಲಿ ಶ್ರೀಕೃಷ್ಣನು ಅರ್ಜುನನಿಗೆ ಹೇಳುವ ಕೌಶಿಕನ ಕಥೆಯೂ ಇದನ್ನೇ ಸೂಚಿಸುತ್ತದೆ: ಓಡಿಹೋಗಿ ಅವಿತವರ ಜಾಗವನ್ನು ದರೋಡೆಗಾರರಿಗೆ ತೋರಿಸಿಕೊಟ್ಟ ಆ ಸತ್ಯವಾದಿಯು ನರಕಕ್ಕೆ ಹೋದನು. ಪೋಲೀಸಿನವರನ್ನು ಆ ದರೋಡೆಗಾರರಿಗೆ ಹೋಲಿಸುವುದು ಮಾತ್ರ ಅನ್ಯಾಯ. ಅವರು ಕೇಳುವುದು ಅವರ ಕರ್ತವ್ಯ. ಅವರು ಕೇಳದಿದ್ದರೆ ಕಳವಾದವನ ಗೋಳನ್ನು ಕೇಳುವವರು ಯಾರು? ಆದರೆ ಠಾಣೆಯು ಸಭೆಯಲ್ಲ. ಸಭೆಯಲ್ಲಿ ಕೇಳುವವನು ಎರಡು ಪಕ್ಷಗಳಿಂದಲೂ ದೂರ ನಿಂತಿರುತ್ತಾನೆ. ಠಾಣೆಯಲ್ಲಿ ಕೇಳುವವನು ಅಪರಾಧಿಯನ್ನು ಒದಗಿಸಿಕೊಡಬೇಕಾದ ಹೊಣೆಯುಳ್ಳವನು.

ಈ ದೇಶದ ಕಾಯಿದೆಯು ನೂರೈವತ್ತು ವರ್ಷಗಳಿಂದ ಈ ಭೇದವನ್ನೇ ಹಿಡಿದುಕೊಂಡಿದೆ. ಅದು ನೋವಿನಿಂದ ಕಲಿತ ಪಾಠ. ೧೮೫೫ರಲ್ಲಿ ಮದರಾಸು ಪ್ರಾಂತದ ಚಿತ್ರಹಿಂಸೆಗಳನ್ನು ವಿಚಾರಿಸಲು ನೇಮಿಸಿದ್ದ ಮಂಡಲಿಯು ತನ್ನ ವರದಿಯನ್ನು ಒಪ್ಪಿಸಿತು. ಬಳ್ಳಾರಿಯೂ ಕೆನರಾ ಜಿಲ್ಲೆಯೂ ಆಗ ಆ ಪ್ರಾಂತಕ್ಕೆ ಸೇರಿದ್ದವು. ಕಂದಾಯಕ್ಕಾಗಿಯೂ ತಪ್ಪೊಪ್ಪಿಗೆಗಾಗಿಯೂ ಜನರನ್ನು ಹಿಂಸಿಸುತ್ತಿದ್ದುದು ಅದರಿಂದ ಬಯಲಾಯಿತು. ೧೮೭೨ರ ಸಾಕ್ಷ್ಯದ ಕಾಯಿದೆಯನ್ನು ರಚಿಸಿದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಎಂಬಾತನು ಮುಂದೆ ಬರೆದ ಗ್ರಂಥವೊಂದರಲ್ಲಿ ಅನುಭವಿಯಾದ ಅಧಿಕಾರಿಯೊಬ್ಬನ ಅಭಿಪ್ರಾಯವನ್ನು ಹೇಳಿದ್ದಾನೆ: ಬಿಸಿಲಿನಲ್ಲಿ ಅಲೆದು ಸಾಕ್ಷ್ಯವನ್ನು ಹುಡುಕುವುದಕ್ಕಿಂತ ನೆರಳಿನಲ್ಲಿ ಕುಳಿತು ಸೆರೆಸಿಕ್ಕವನ ಕಣ್ಣಿಗೆ ಮೆಣಸಿನ ಪುಡಿಯನ್ನು ತಿಕ್ಕುವುದು ಸುಲಭವೆಂಬುದು ಅದರ ತಾತ್ಪರ್ಯ. ಕ್ರೌರ್ಯಕ್ಕೆ ದ್ವೇಷವೇ ಬೇಕೆಂದಿಲ್ಲ, ಸೋಮಾರಿತನವೂ ಸಾಕು ಎಂಬುದನ್ನು ಇಷ್ಟು ಚೆನ್ನಾಗಿ ಹೇಳಿದವರು ಕಡಮೆ. ಪೋಲೀಸು ಅಧಿಕಾರಿಯ ಎದುರಿಗೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ಮೇಲೆ ಪ್ರಮಾಣವಾಗಿ ಹಿಡಿಯಕೂಡದೆಂದು ಆ ಕಾಯಿದೆಯ ೨೫ನೆಯ ಕಲಮು ವಿಧಿಸಿತು. ೨೦೨೪ನೆಯ ಜುಲೈ ೧ರಿಂದ ಅದರ ಸ್ಥಾನದಲ್ಲಿ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೨೩ನೆಯ ಕಲಮಿನಲ್ಲಿಯೂ ಅದೇ ವಿಧಿಯಿದೆ. ಆದರೆ ಕಿಂಡಿಯೊಂದು ಹಿಂದೆಯೂ ಇತ್ತು, ಈಗಲೂ ಇದೆ: ಬಂಧನದಲ್ಲಿರುವವನು ಹೇಳಿದ ಮಾತಿನಿಂದ ಯಾವುದಾದರೂ ವಸ್ತುವು ಪತ್ತೆಯಾದರೆ, ಆ ಪತ್ತೆಗೆ ಸಂಬಂಧಪಟ್ಟಷ್ಟು ಮಾತು ಪ್ರಮಾಣವಾಗುತ್ತದೆ.

೧೯೩೭ನೆಯ ಮಾರ್ಚಿ ೨೩ರಂದು ಪುರಿಯ ರೈಲು ನಿಲ್ದಾಣದಲ್ಲಿ, ಮೂರನೆಯ ತರಗತಿಯ ಗಾಡಿಯೊಳಗೆ, ಒಂದು ಉಕ್ಕಿನ ಪೆಟ್ಟಿಗೆಯಲ್ಲಿ ಕತ್ತರಿಸಿದ ಹೆಣವೊಂದು ಸಿಕ್ಕಿತು. ಸತ್ತವನು ಪೀಠಾಪುರದ ದಿವಾನರಲ್ಲಿ ಹಿಂದೆ ಜವಾನನಾಗಿದ್ದವನು. ಸಂಶಯಕ್ಕೆ ಗುರಿಯಾದವನು ಆ ದಿವಾನರ ಅಳಿಯನಾಗಿ ಬರಹಂಪುರದಲ್ಲಿ ವಾಸವಾಗಿದ್ದ ಪಾಕಲ ನಾರಾಯಣಸ್ವಾಮಿ. ಅವನು ತನ್ನನ್ನು ಬಂಧಿಸುವುದಕ್ಕೆ ಮುಂಚೆ ಪೋಲೀಸಿನವರಿಗೆ, ಸತ್ತವನು ೨೧ರ ಸಂಜೆ ತನ್ನ ಮನೆಗೆ ಬಂದು, ಹೊರಗಿನ ಕೋಣೆಯೊಂದರಲ್ಲಿ ಮಲಗಿದ್ದು, ಮಾರನೆಯ ದಿನ ರೈಲಿನಲ್ಲಿ ಹೊರಟುಹೋದನೆಂದು ಹೇಳಿದ್ದನು. ಇದರಲ್ಲಿ ತಪ್ಪೊಪ್ಪಿಗೆ ಏನೂ ಇಲ್ಲ. ನೋಡುವುದಕ್ಕೆ ನಿರಪರಾಧಿಯ ಮಾತೇ. ಆದರೂ ಕೆಳಗಿನ ನ್ಯಾಯಸ್ಥಾನಗಳು ಅದನ್ನು ಅವನ ಮೇಲೆಯೇ ಪ್ರಮಾಣವಾಗಿ ತೆಗೆದುಕೊಂಡವು. ಸತ್ತವನು ಅವನ ಮನೆಗೆ ಬಂದಿದ್ದನೆಂಬುದು ಅವನ ಬಾಯಿಂದಲೇ ಬಂದಂತಾಯಿತಷ್ಟೆ. ೧೯೩೯ರಲ್ಲಿ ಪ್ರಿವಿ ಕೌನ್ಸಿಲಿನಲ್ಲಿ ಲಾರ್ಡ್ ಆಟ್ಕಿನ್ನನು ಅದು ತಪ್ಪೆಂದು ತೀರ್ಮಾನಿಸಿದನು. ತನಿಖೆಯ ಕಾಲದಲ್ಲಿ ಪೋಲೀಸಿನವರಿಗೆ ಕೊಟ್ಟ ಹೇಳಿಕೆಯು, ಕೊಟ್ಟವನು ಆಮೇಲೆ ಆಪಾದಿತನಾದರೂ, ಅವನ ಮೇಲೆ ಬರಕೂಡದೆಂದು ಹೇಳಿ ಆ ಮಾತನ್ನು ತೆಗೆದುಹಾಕಿದನು. ಇಷ್ಟಾದರೂ ಅವನಿಗೆ ವಿಧಿಸಿದ್ದ ಶಿಕ್ಷೆಯು ಉಳಿಯಿತು. ಉಳಿದ ಸಾಕ್ಷ್ಯವೇ ಸಾಕಾಗಿತ್ತು. ಬಿಸಿಲಿನಲ್ಲಿ ಅಲೆದು ತಂದ ಸಾಕ್ಷ್ಯವಿದ್ದರೆ ಆಪಾದಿತನ ಬಾಯಿಯ ಅವಶ್ಯಕತೆಯಿಲ್ಲವೆಂಬುದಕ್ಕೆ ಈ ಮೊಕದ್ದಮೆಯೇ ನಿದರ್ಶನ.

ಸಂವಿಧಾನವು ಬಂದ ಮೇಲೆ ಈ ರಕ್ಷಣೆಯು ಇನ್ನೂ ಗಟ್ಟಿಯಾಯಿತು. ಆಪಾದಿತನನ್ನು ಅವನಿಗೇ ವಿರೋಧವಾದ ಸಾಕ್ಷಿಯಾಗುವಂತೆ ಬಲಾತ್ಕರಿಸಕೂಡದೆಂದು ಅದರ ೨೦ನೆಯ ವಿಧಿಯು ಹೇಳುತ್ತದೆ. ೧೯೭೭ರಲ್ಲಿ ಒರಿಸ್ಸಾದ ಮಾಜಿ ಮುಖ್ಯಮಂತ್ರಿಗಳಾಗಿದ್ದ ನಂದಿನಿ ಸತ್ಪತಿಯವರನ್ನು ಕಟಕದ ಜಾಗೃತಿದಳದ ಠಾಣೆಗೆ ಕರೆಸಿ ಬರೆದ ಪ್ರಶ್ನೆಗಳ ಪಟ್ಟಿಯನ್ನು ಕೊಟ್ಟರು. ಆಕೆ ಉತ್ತರ ಕೊಡಲಿಲ್ಲ. ಉತ್ತರ ಕೊಡದಿದ್ದುದೇ ಅಪರಾಧವೆಂದು ಮೊಕದ್ದಮೆಯಾಯಿತು. ೧೯೭೮ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಈ ರಕ್ಷಣೆಯು ನ್ಯಾಯಸ್ಥಾನದಿಂದ ಆರಂಭವಾಗದೆ ಠಾಣೆಯಿಂದಲೇ ಆರಂಭವಾಗುತ್ತದೆ, ಬಲಾತ್ಕಾರವೆಂದರೆ ಹೊಡೆತವೊಂದೇ ಆಗಿರದೆ ಮನಸ್ಸನ್ನು ದಣಿಸುವ ಒತ್ತಡವೂ ಆಗಿರಬಹುದು, ವಕೀಲರು ಬೇಕೆಂದವರಿಗೆ ವಕೀಲರನ್ನು ತಡೆಯಕೂಡದು ಎಂದು ತೀರ್ಪಿತ್ತರು. ಹೆಂಗಸನ್ನು ಠಾಣೆಗೆ ಕರೆಸಿದ್ದೇ ಕಾಯಿದೆಗೆ ವಿರುದ್ಧವೆಂದೂ ಹೇಳಿದರು. ೨೦೧೦ರಲ್ಲಿ ಕರ್ನಾಟಕ ಸರ್ಕಾರವೇ ಎದುರುಪಕ್ಷವಾಗಿದ್ದ ಸೆಲ್ವಿ ಮೊಕದ್ದಮೆಯಲ್ಲಿ, ಮಂಪರು ಬರಿಸಿ ಮಾತು ಹೊರಡಿಸುವ ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡಕೂಡದೆಂದಾಯಿತು. ಬೆರಳಿನ ಗುರುತನ್ನೂ ರಕ್ತವನ್ನೂ ತೆಗೆದುಕೊಳ್ಳಬಹುದು. ಮನಸ್ಸಿನೊಳಗಣ ಮಾತನ್ನು ಕಿತ್ತುಕೊಳ್ಳಕೂಡದು.

ಆದುದರಿಂದ ಮಂಡಿಯ ಹುಡುಗನಿಗೆ ಕಾಯಿದೆಯು ವಿಧಿಸುವುದು ಇಷ್ಟು: ಕ್ರಮವಾದ ನೋಟೀಸು ಬಂದರೆ ಹೋಗಬೇಕು, ಹೆಸರು ವಿಳಾಸಗಳನ್ನು ಸರಿಯಾಗಿ ಹೇಳಬೇಕು, ಉತ್ತರ ಕೊಡುವ ಪ್ರಶ್ನೆಗೆ ನಿಜವನ್ನೇ ಹೇಳಬೇಕು, ತನ್ನನ್ನು ಅಪರಾಧಕ್ಕೆ ಸಿಕ್ಕಿಸಬಹುದಾದ ಪ್ರಶ್ನೆಗೆ ಉತ್ತರ ಕೊಡದಿರಬಹುದು, ತನಿಖೆಯಲ್ಲಿ ಬರೆದುಕೊಂಡ ಹೇಳಿಕೆಗೆ ರುಜು ಹಾಕಬೇಕಾದ್ದಿಲ್ಲ. ವಿಚಾರಣೆಗಾಗಿ ಹೆಂಗಸರನ್ನೂ, ಹದಿನೈದು ವರ್ಷದೊಳಗಿನ ಹುಡುಗರನ್ನೂ, ಅರುವತ್ತು ಮೀರಿದ ಗಂಡಸರನ್ನೂ ಠಾಣೆಗೆ ಬರಬೇಕೆಂದು ಕಡ್ಡಾಯಪಡಿಸದೆ, ಅವರಿದ್ದಲ್ಲಿಗೇ ಹೋಗಿ ಕೇಳಬೇಕು. “ವಕೀಲರೊಡನೆ ಮಾತನಾಡಿದ ಮೇಲೆ ಹೇಳುತ್ತೇನೆ” ಎಂದು ನಮ್ರತೆಯಿಂದ ಹೇಳಿ ಸುಮ್ಮನಾದವನು ಸುಳ್ಳನ್ನು ಆಡಿದಂತಾಗಲಿಲ್ಲ. ಅಜ್ಜಿಯು ಕಾಯುತ್ತಿರುವ ಸತ್ಯಕ್ಕೆ ಅವನಿಂದ ಭಂಗವಿಲ್ಲ. ಭಂಗ ಬರುತ್ತಿದ್ದದ್ದು “ಆರು ಗಂಟೆಗೇ ಮನೆಗೆ ಬಂದೆ” ಎಂಬ ಮಾತಿನಿಂದ. ಹೀಗೆ ನೋಡಿದರೆ ಸೋದರಮಾವನ ಮಗನ ಯುಕ್ತಿಯೇ ಅಜ್ಜಿಯ ಧರ್ಮಕ್ಕೆ ಬೇಲಿಯಾಗಿ ನಿಲ್ಲುತ್ತದೆ.

ಆದರೆ ಪ್ರತಿಪಕ್ಷವನ್ನು ಇಷ್ಟಕ್ಕೆ ಬಿಡುವುದು ಸರಿಯಲ್ಲ. ಕರ್ನಾಟಕದ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳೀಮಠರ ಅಧ್ಯಕ್ಷತೆಯ ಸಮಿತಿಯು ೨೦೦೩ರಲ್ಲಿ ಕೇಂದ್ರ ಸರ್ಕಾರಕ್ಕೆ ಒಪ್ಪಿಸಿದ ವರದಿಯಲ್ಲಿ, ನ್ಯಾಯಸ್ಥಾನವು ಆಪಾದಿತನನ್ನು ಪ್ರಶ್ನಿಸಿ, ಅವನು ಉತ್ತರ ಕೊಡದಿದ್ದರೆ ಅದರಿಂದ ಅವನಿಗೆ ವಿರೋಧವಾದ ಊಹೆಯನ್ನು ಮಾಡಬಹುದೆಂದು ಸಲಹೆ ಕೊಟ್ಟಿತ್ತು. ಸಲಹೆಯ ಹಿಂದಿದ್ದ ಸಂಕಟವು ಸುಳ್ಳಲ್ಲ. ಮಗಳನ್ನು ಕಳೆದುಕೊಂಡ ತಾಯಿಯೊಬ್ಬಳಿಗೆ, ಕೊಂದವನು ಕಾನೂನಿನ ಹೆಸರು ಹೇಳಿ ಸುಮ್ಮನೆ ಕುಳಿತು ಕೊನೆಗೆ ಬಿಡುಗಡೆಯಾಗಿ ಹೋಗುವುದನ್ನು ನೋಡಬೇಕಾಗಿ ಬಂದರೆ, ಆಕೆಗೆ ಮಾಂಡವ್ಯನ ಕಥೆಯನ್ನು ಹೇಳಿ ಸಮಾಧಾನಪಡಿಸಲು ಯಾರಿಗೂ ಬಾಯಿ ಬರಲಾರದು. ಮೌನದ ಹಕ್ಕು ಸಾಧುವಿಗೂ ದುಷ್ಟನಿಗೂ ಒಂದೇ ಕೊಡೆಯನ್ನು ಹಿಡಿಯುತ್ತದೆ. ಆ ಸಲಹೆಯನ್ನು ೨೦೨೩ರ ಹೊಸ ಸಂಹಿತೆಗಳೂ ಸ್ವೀಕರಿಸಲಿಲ್ಲ. ಸ್ವೀಕರಿಸದಿದ್ದುದು ಲೇಸೇ ಆಯಿತು. ಸುಮ್ಮ\u200cನಿದ್ದುದನ್ನೇ ದೋಷವೆಂದು ಎಣಿಸುವ ಸಭೆಯಲ್ಲಿ ದುಷ್ಟನು ಚೆನ್ನಾಗಿ ಮಾತನಾಡಿ ಪಾರಾಗುವನು. ತೊದಲುವವನು, ಹೆದರುವವನು, ಆ ಭಾಷೆಯನ್ನೇ ಅರಿಯದವನು ಸಿಕ್ಕಿಬೀಳುವನು.

ಇಷ್ಟರಿಂದ ತಪ್ಪು ಮಾಡಿದವನ ಧರ್ಮವು ಮುಗಿಯಲಿಲ್ಲ. ಕಾಯಿದೆಯು ಅವನಿಗೆ ಸುಮ್ಮನಿರಲು ಅವಕಾಶ ಕೊಟ್ಟಿದೆಯೆಂದರೆ ಸುಮ್ಮನಿರುವುದೇ ಅವನಿಗೆ ಶ್ರೇಯಸ್ಕರವೆಂದು ಅರ್ಥವಲ್ಲ. ನ್ಯಾಯಸ್ಥಾನದಲ್ಲಿ ಆಪಾದಿತನು ಪ್ರಶ್ನೆಗೆ ಸುಳ್ಳು ಉತ್ತರ ಕೊಟ್ಟರೂ ಅದಕ್ಕೆ ಶಿಕ್ಷೆಯಿಲ್ಲವೆಂದು ಕಾಯಿದೆಯು ಹೇಳುತ್ತದೆ. ಮನುವಿನ ಸಭೆಯಲ್ಲಿ ಆ ರಿಯಾಯತಿ ಇಲ್ಲ. ಶಾಂತಿಪರ್ವದ ಶಂಖಲಿಖಿತರ ಕಥೆಯನ್ನು ಇಲ್ಲಿ ನೆನೆಯಬೇಕು. ಅಣ್ಣನಾದ ಶಂಖನು ಇಲ್ಲದಾಗ ಲಿಖಿತನು ಅವನ ಆಶ್ರಮದ ಹಣ್ಣುಗಳನ್ನು ಕೇಳದೆ ಕಿತ್ತು ತಿಂದನು. ಅದು ಕಳ್ಳತನವೆಂದು ಅಣ್ಣನು ಹೇಳಿದಾಗ ತಾನೇ ಸುದ್ಯುಮ್ನರಾಜನ ಬಳಿಗೆ ನಡೆದು, ತಪ್ಪನ್ನು ಹೇಳಿಕೊಂಡು, ಅರಸನು ಕ್ಷಮಿಸುತ್ತೇನೆಂದರೂ ಒಪ್ಪದೆ ದಂಡವನ್ನು ಬೇಡಿ ಪಡೆದನು. ಅವನ ಎರಡು ಕೈಗಳೂ ಹೋದವು. ಬಾಹುದಾ ನದಿಯಲ್ಲಿ ಮಿಂದಾಗ ಅವು ಮತ್ತೆ ಬಂದವು. ಅವನನ್ನು ಯಾರೂ ಹಿಡಿದು ತರಲಿಲ್ಲ. ಯಾರೂ ಹೊಡೆದು ಕೇಳಲಿಲ್ಲ. ತಪ್ಪೊಪ್ಪಿಗೆಗೆ ಪಾವನತ್ವವು ಬರುವುದು ಅದು ತಾನಾಗಿ ಬಂದಾಗ. ಈಗಿನ ಕಾಯಿದೆಯೂ ಅಂಥವನಿಗೆ ಬಾಗಿಲನ್ನು ಮುಚ್ಚಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ತಪ್ಪನ್ನು ಹೇಳಿಕೊಳ್ಳಬಹುದು. ಅವರು ಮೊದಲು, ಹೇಳಲೇಬೇಕಾದ್ದಿಲ್ಲವೆಂದೂ ಹೇಳಿದರೆ ಅದು ಪ್ರಮಾಣವಾಗುವುದೆಂದೂ ಎಚ್ಚರಿಸಬೇಕು. ಒಲ್ಲೆನೆಂದವನನ್ನು ಪೋಲೀಸಿನವರ ವಶಕ್ಕೆ ಮರಳಿ ಕೊಡಕೂಡದು. ಸುದ್ಯುಮ್ನನ ಬಾಗಿಲು ಅದು. ತಪ್ಪು ಮಾಡಿದವನು ಠಾಣೆಯಲ್ಲಿ ಬಾಯಿ ಮುಚ್ಚಿದ್ದು, ಆ ಬಾಗಿಲಿಗೂ ಎಂದೂ ಹೋಗದಿದ್ದರೆ, ಕಾಯಿದೆಯ ಲೆಕ್ಕದಲ್ಲಿ ಅವನು ಋಣಿಯಾಗದೆ ಇರಬಹುದು. ಕಳಕೊಂಡವರ ಲೆಕ್ಕದಲ್ಲಿ ಅವನ ಹೆಸರಿನ ಬಾಕಿ ಹಾಗೆಯೇ ನಿಂತಿರುತ್ತದೆ.

ಇನ್ನೊಂದು ಸಂಗತಿ ಉಳಿದಿದೆ. ಈ ಪತ್ರಿಕೆಯನ್ನು ಓದುವ ಮನೆಗಳಿಗೆ ಅದೇ ಹೆಚ್ಚು ಹತ್ತಿರದ್ದು. ಓದು ಬರಹ ಬಲ್ಲವರನ್ನು ಠಾಣೆಗೆ ಕರೆಯುವ ಪ್ರಸಂಗವು ಎಲ್ಲಿಯೋ ಒಮ್ಮೆ ಬರುವಂಥದು. ಅವರು ಇನ್ನೊಬ್ಬರನ್ನು ಅಲ್ಲಿಗೆ ಕಳುಹಿಸುವ ಪ್ರಸಂಗವು ಅಷ್ಟು ಅಪರೂಪವಲ್ಲ. ಹಬ್ಬದ ಮಾರನೆಯ ದಿನ ಪೆಟ್ಟಿಗೆಯಲ್ಲಿ ಸರವಿಲ್ಲ. ಮನೆಯವರ ಕಣ್ಣು ಮೊದಲು ಹೋಗುವುದು ಪಾತ್ರೆ ತೊಳೆಯುವವಳ ಕಡೆಗೆ. “ನೀನು ತೆಗೆದೆಯಾ?” ಎಂದು ಕೇಳಿದರೆ ಅವಳು ತಲೆ ತಗ್ಗಿಸಿ ನಿಲ್ಲುತ್ತಾಳೆ. ಹತ್ತು ವರ್ಷ ಅನ್ನ ಹಾಕಿದ ಯಜಮಾನಿಯಿಂದ ಆ ಮಾತು ಬಂದುದಕ್ಕೆ ಉತ್ತರವೇ ತೋಚದೆ ಅವಳು ನಿಂತಿರಬಹುದು. “ನೋಡಿದಿರಾ, ಬಾಯೇ ಬಿಡುವುದಿಲ್ಲ” ಎಂದು ಒಬ್ಬರು, “ನಾನಲ್ಲ ತಾಯಿ” ಎಂದು ಅವಳು ಅಳತೊಡಗಿದರೆ “ಇಷ್ಟೇಕೆ ಅಳಬೇಕು?” ಎಂದು ಇನ್ನೊಬ್ಬರು. ಮೌನಿಯಾದ ಮಾಂಡವ್ಯನೂ ಮಾತನಾಡಿದ ಮಾಂಡವ್ಯನೂ ಆ ಒಂದೇ ಅಡಿಗೆಮನೆಯಲ್ಲಿ ಶೂಲಕ್ಕೆ ಏರುತ್ತಾರೆ. ಅವಳಿಗೆ ಕಾನೂನು ಓದುವ ಸೋದರಮಾವನ ಮಗನಿಲ್ಲ. ಬಡವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವ ಏರ್ಪಾಡು ೧೯೮೭ರ ಕಾಯಿದೆಯಿಂದ ತಾಲ್ಲೂಕುಗಳವರೆಗೂ ಬಂದಿದೆ. ಆದರೆ ಅದನ್ನು ಅವಳಿಗೆ ತಿಳಿಸಬಲ್ಲ ಅಕ್ಷರಸ್ಥರೆಂದರೆ ಅವಳನ್ನು ಹಿಡಿದುಕೊಟ್ಟ ಮನೆಯವರೇ.

ಮಹಾಭಾರತದ ಅರಸನಿಗೆ ಕೊನೆಗೆ ತನ್ನ ತಪ್ಪು ತಿಳಿಯಿತು. ಓಡಿಬಂದು ಋಷಿಯ ಮುಂದೆ ಕ್ಷಮೆ ಬೇಡಿ, ಅವನನ್ನು ಇಳಿಸಿ, ಶೂಲವನ್ನು ಕೀಳಲು ಪ್ರಯತ್ನಪಟ್ಟನು. ಅದು ಬರಲಿಲ್ಲ. ಬೇರೆ ಉಪಾಯವಿಲ್ಲದೆ ಹೊರಗಿದ್ದಷ್ಟನ್ನು ಕತ್ತರಿಸಿದನು. ಒಳಗುಳಿದ ಮೊನೆಯನ್ನು ಹೊತ್ತುಕೊಂಡೇ ಋಷಿಯು ಲೋಕದಲ್ಲಿ ಸಂಚರಿಸಿದನು. ಅಣಿಮಾಂಡವ್ಯನೆಂಬ ಹೆಸರು ಬಂದುದು ಅದರಿಂದ. ಎಂಟು ದಿನಗಳ ಮೇಲೆ ಸರವು ರೇಷ್ಮೆಸೀರೆಯ ಮಡಿಕೆಯಲ್ಲಿ ಸಿಕ್ಕಿದಾಗ, ಮನೆಯವರು ಠಾಣೆಗೆ ಒಂದು ಕಾಗದವನ್ನು ಬರೆದು ಕೊಟ್ಟು ದೂರನ್ನು ಹಿಂದಕ್ಕೆ ತೆಗೆದುಕೊಳ್ಳುವರು. ಪಾತ್ರೆ ತೊಳೆಯಲು ಅಷ್ಟರಲ್ಲಿ ಬೇರೊಬ್ಬಳು ಬಂದಿರುತ್ತಾಳೆ. ಮೊದಲಿನವಳ ಕೇರಿಗೆ ನಡೆದುಹೋಗಿ, ಅವಳ ನೆರೆಹೊರೆಯವರೆಲ್ಲ ಕೇಳುವಂತೆ, ಸರವು ಮನೆಯಲ್ಲಿಯೇ ಇತ್ತೆಂದು ಹೇಳಿ ಬರುವ ಯಜಮಾನರು ಊರಿಗೆ ಒಬ್ಬರು ಸಿಕ್ಕುವುದೂ ಕಷ್ಟ.